ಅಂಗಿ ಸಡಿಲವಾದಾಗ ಕೈಹಿಡಿಯುವ ಏಳಕ್ಕ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಕ್ಯಾನ್ಸರ್ ವಾರ್ಡಿನ ಕಿಟಕಿ ಪಕ್ಕದ ಕುರ್ಚಿಯಿಂದ ಮೇಲೇಳಲು, ಚಿಕಿತ್ಸೆಗೆ ಬಂದಿರುವ ಬಡಗಿಯೊಬ್ಬರು ಕೈ ಚಾಚುತ್ತಾರೆ. ಎದುರಿಗಿರುವ ಹೆಂಗಸು ಕೈ ಕೊಡುವುದಿಲ್ಲ. ಬಿದ್ದರೆ ಹಿಡಿಯುವಷ್ಟು ಹತ್ತಿರ ನಿಂತು ಕಾಯುತ್ತಾರೆ.

"ವ್ಯಾಯಾಮ ಬೇಕಾಗಿರೋದು ನನ್ನ ಕೈಗಲ್ಲಣ್ಣ, ನಿಮ್ಮ ತೊಡೆಗೆ. ಏಳಿ."

"ನೀನು ಪೊಲೀಸ್ ಆಗ್ಬೇಕಿತ್ತು ತಾಯಿ," ಎಂದು ಗೊಣಗುತ್ತಲೇ ಬಡಗಿ ಎದ್ದು ನಿಲ್ಲುತ್ತಾರೆ.

ಬಾಯಿ ತೆರೆದರೆ 'ಏಳಿ' ಎನ್ನುವ ಈ ಫಿಸಿಯೋಥೆರಪಿ ಸಹಾಯಕಿ ವಾರ್ಡಿಗೆಲ್ಲ 'ಏಳಕ್ಕ'. ಕ್ಯಾನ್ಸರ್ ಬಲಿತಾಗ ಮೈ ಇಳಿಯುತ್ತದೆ, ಮಾಂಸಖಂಡ ಕರಗುತ್ತದೆ. ಬರೀ ಊಟ ಹೆಚ್ಚಿಸಿದರೆ ಅದು ನಿಲ್ಲದು. ವೈದ್ಯರು ನೋವು, ವಾಕರಿಕೆ ತಗ್ಗಿಸುತ್ತಾರೆ. ರೋಗಿ ತಿನ್ನುವ ನಾಲ್ಕು ತುತ್ತಿನಲ್ಲೇ ಆಹಾರತಜ್ಞೆ ಸತ್ವ ತುಂಬುತ್ತಾರೆ. ಸೋತ ಕಾಲಿಗೆ ಮತ್ತೆ ಕೆಲಸ ಕಲಿಸುವುದು ಏಳಕ್ಕನ ಪಾಲು.

ಮೊದಲು ಇವರು ಇದೇ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುತ್ತಿದ್ದರು. ಒಡಹುಟ್ಟಿದ ತಮ್ಮ ಇದೇ ಕಾಯಿಲೆಯಲ್ಲಿ ತೀರಿಕೊಂಡ ಮೇಲೆ ತರಬೇತಿಗೆ ಸೇರಿದರು. "ಅತ್ತು ಮುಗಿಸಿ ಕ್ಲಾಸಿಗೆ ಹೋದೆ. ಪಕ್ಕದಲ್ಲಿ ಕೂತೋರೆಲ್ಲ ನನ್ನ ಮಗಳ ವಯಸ್ಸಿನೋರು!"

ಬಡಗಿ ಇಲ್ಲಿಗೆ ಬಂದಾಗ ಬಚ್ಚಲಿಗೂ ಇಬ್ಬರು ಹಿಡಿದು ನಡೆಸಬೇಕಿತ್ತು. ಇಷ್ಟು ನಿತ್ರಾಣದಲ್ಲಿ ಕೀಮೋ ತಡೆಯಲಾರರೆಂದು ವೈದ್ಯರು ಅದನ್ನು ಮುಂದಕ್ಕೆ ಹಾಕಿದ್ದರು. ಗಾಬರಿಯಾದ ಹೆಂಡತಿ ತುಂಬಿದ ತಟ್ಟೆ ಹಿಡಿದು ಬೆನ್ನುಬಿದ್ದರು. ಒಂದು ದಿನ ಬಡಗಿ ತಟ್ಟೆಯನ್ನೇ ತಳ್ಳಿಬಿಟ್ಟರು.

ಏಳಕ್ಕ ನೆಲ ಒರೆಸಿ, ಅಳುತ್ತಿದ್ದ ಹೆಂಡತಿಯನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿಕೊಂಡರು. "ಅದು ಹಠ ಅಲ್ಲಮ್ಮ, ಕಾಯಿಲೆ ಅವರ ಹಸಿವನ್ನೇ ನುಂಗಿಬಿಟ್ಟಿದೆ. ತಟ್ಟೆ ಬೇಡ, ಚಿಕ್ಕ ಬಟ್ಟಲು ತನ್ನಿ. ಅವರು ಸಾಕು ಅಂದ್ರೆ ಸಾಕು."

ಮಾತ್ರೆ ಬದಲಾಯಿತು, ಬಟ್ಟಲು ಬಂತು, ಮುಂಜಾನೆಯ ವ್ಯಾಯಾಮ ಶುರುವಾಯಿತು. ಹೋದ ತೂಕ ಮರಳಲಿಲ್ಲ, ಆದರೆ ಇಳಿಯುವುದು ನಿಂತಿತು. ಕಾಲಿಗೆ ಕಸುವು ಬಂತು. ಮೊನ್ನೆ ವೈದ್ಯರು ಕೀಮೋಗೂ ಒಪ್ಪಿದರು. ಕಾಯಿಲೆ ಪೂರ್ತಿ ವಾಸಿಯಾಗದೆಂಬುದು ಬಡಗಿಗೆ ಗೊತ್ತು. ಆದರೂ ದನಿಯಲ್ಲಿ ಗತ್ತಿದೆ: "ನಿನ್ನೆ ಬಾಗಿಲು ಹಾಕ್ಕೊಂಡು ಒಬ್ಬನೇ ಸ್ನಾನ ಮಾಡ್ದೆ."

"ಹೊರಗೆ ನಾನು ಜೀವ ಕೈಲಿ ಹಿಡ್ಕೊಂಡು ನಿಂತಿದ್ರೆ, ಇವರು ಒಳಗೆ ಹಾಡು ಹೇಳ್ತಿದ್ರು!" ಎಂದು ಹೆಂಡತಿ ನಗುತ್ತಾರೆ.

ಏಳಕ್ಕ ಆಗಲೇ ಪಕ್ಕದ ಮಂಚದ ಬಳಿ ಹೋಗಿದ್ದಾರೆ. ಈ ಲೇಖನಕ್ಕಾಗಿ, ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ತಿರುಗಿ ನಿಲ್ಲುತ್ತಾರೆ.

"ಜನ ಪೂರ್ತಿ ಸೋತ ಮೇಲೆ ಬರ್ತಾರೆ. ಮೈ ಇಳಿದು ಅಂಗಿ ಸಡಿಲ ಆಯ್ತು ಅಂದ ಕೂಡ್ಲೇ ಬನ್ನಿ ಅಂತ ಬರೀರಿ. ಆಮೇಲಿಂದು ನಾವು ನೋಡ್ಕೋತೀವಿ."