ನನ್ನ ಹೆಸರಿನಲ್ಲಿ ಆಡಿದ ಆಟ

ನಮ್ಮ ಮನೆಗೆ ಇಸ್ಪೀಟು ಬರುತ್ತಿದ್ದದ್ದು ಯುಗಾದಿಯ ಜೊತೆಗೆ. ಒಬ್ಬಟ್ಟಿನ ಊಟವಾಗಿ ಎಲೆ ತೆಗೆದ ಮೇಲೆ ನಡುಮನೆಯಲ್ಲಿ ಚಾಪೆ ಹಾಸಿ ಅತ್ತೆ, ಯಜಮಾನರ ಅಕ್ಕ, ನಾನು ಎಲ್ಲರೂ ಚಿಲ್ಲರೆ ಇಟ್ಟುಕೊಂಡು ಕೂರುತ್ತಿದ್ದೆವು. ಗೆದ್ದವರು ಸಂಜೆ ಎಲ್ಲರಿಗೂ ಕಾಫಿ ಮಾಡಬೇಕು, ಅಲ್ಲಿಗೆ ಆ ವರ್ಷದ ಆಟ ಮುಗಿಯಿತು. ಹೀಗೆ ಹಬ್ಬದ ಸಾಲಿಗೆ ಸೇರಿಹೋಗಿದ್ದರಿಂದಲೇ, ನಮ್ಮ ಯಜಮಾನರು ಮೊಬೈಲಿನಲ್ಲಿ ರಮ್ಮಿ ಶುರು ಮಾಡಿದಾಗ ಯಾರಿಗೂ ಅದು ಜೂಜು ಅನ್ನಿಸಲಿಲ್ಲ. "ಕುಡಿಯಲ್ಲ, ಸೇದಲ್ಲ. ಕೂತ್ಕಂಡು ಇಸ್ಪೀಟೆಲೆ ಆಡುದ್ರೆ ಏನಾಯ್ತದೆ ಬುಡು," ಎಂದರು ಅತ್ತೆ. ನಾನೂ ಬಿಟ್ಟೆ. ಮೊಬೈಲಿನ ದುಡ್ಡಿನ ಆಟಗಳನ್ನು ನಿಲ್ಲಿಸುವ ಕಾನೂನು ಆಗಿನ್ನೂ ಬಂದಿರಲಿಲ್ಲ.

ಯಜಮಾನರದು ದೇವರಾಜ ಮೊಹಲ್ಲಾದಲ್ಲಿ ಮಿಕ್ಸಿ, ಗ್ರೈಂಡರ್ ರಿಪೇರಿ ಅಂಗಡಿ. ವಿಷಯ ಕೈಮೀರಿದೆ ಎಂದು ನನಗೆ ತಿಳಿಸಿದ್ದು ಆ ಮಿಕ್ಸಿಗಳೇ. ಚೀಟಿ ಅಂಟಿಸಿಕೊಂಡು ಕಪಾಟು ತುಂಬಿ, ನೆಲಕ್ಕೂ ಇಳಿದು ಕೂತಿದ್ದವು. ಮೋಟರಿಗೆ ಸುತ್ತುವ ತಾಮ್ರದ ತಂತಿಗೆಂದು ಇಟ್ಟ ದುಡ್ಡು ಆಟಕ್ಕೆ ಹೋಗುತ್ತಿತ್ತು. ಒಂದು ಮಧ್ಯಾಹ್ನ ಊಟದ ಡಬ್ಬಿ ಕೊಡಲು ಹೋದಾಗ ಹೆಂಗಸೊಬ್ಬರು ಅಂಗಡಿ ಮುಂದೆ ನಿಂತಿದ್ದರು. "ಮೂರು ತಿಂಗಳಿಂದ ಒರಳಲ್ಲಿ ರುಬ್ತಾ ಇದೀನಿ ಕಣ್ರೀ. ರಿಪೇರಿ ಮಾಡ್ದಿದ್ರೂ ಚಿಂತೆ ಇಲ್ಲ, ನನ್ನ ಮಿಕ್ಸಿ ನಂಗೆ ಕೊಟ್ಬುಡಿ." ಇವರು ಮೊಬೈಲಿನಿಂದ ತಲೆ ಎತ್ತದೆ, "ನಾಳೆ" ಎಂದರು.

ಆ ವಾರವೇ ಚಟ ಬಿಡಿಸಲೆಂದು ಇವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿನ ಸಲಹೆಗಾರ್ತಿ, ಆಟದ ಆಪ್‌ನಲ್ಲಿಯೇ ನಮ್ಮನ್ನು ನಾವು ಹೊರಗಿಟ್ಟುಕೊಳ್ಳುವ ದಾರಿಯಿದೆ ಎಂದು ತೋರಿಸಿಕೊಟ್ಟರು. ಒತ್ತಿದರೆ ಆರು ತಿಂಗಳು ಆ ಹೆಸರಿಗೆ ಬಾಗಿಲು ತೆರೆಯುವುದಿಲ್ಲ. ಇವರು ನನ್ನ ಎದುರಿನಲ್ಲೇ ಒತ್ತಿದರು. ಮನೆಗೆ ಬಂದು ಶಾವಿಗೆ ಪಾಯಸ ಮಾಡಿದೆ. ತಂತಿ ಬಂತು, ಒಂದೊಂದೇ ಮಿಕ್ಸಿ ಮನೆಗೆ ಹೋಗತೊಡಗಿತು.

ನಮ್ಮ ಮನೆಯಲ್ಲಿ ಒಂದು ರೂಢಿ. ಗ್ಯಾಸ್ ಬಂದರೆ, ಕೊರಿಯರ್ ಬಂದರೆ, ಫ್ರಿಜ್ ಮೇಲಿರುವ ನನ್ನ ಮೊಬೈಲಿಗೆ ಬರುವ ಒಟಿಪಿ ನಂಬರನ್ನು ನಾನು ಅಡುಗೆಮನೆಯಿಂದ ಕೂಗಿ ಹೇಳಬೇಕು, ಇವರು ಅದನ್ನು ಬಾಗಿಲಲ್ಲಿ ನಿಂತವರಿಗೆ ಹೇಳಬೇಕು. ಕೈಯಲ್ಲಿ ಹಿಟ್ಟಿರುತ್ತದೆ, ಕಣ್ಣಿಗೆ ಕನ್ನಡಕ ಇರುವುದಿಲ್ಲ. ಅಂಕೆಗಳನ್ನಷ್ಟೇ ಕಷ್ಟಪಟ್ಟು ಓದುತ್ತೇನೆ, ಸುತ್ತಲಿನ ಇಂಗ್ಲಿಷ್ ಸಾಲುಗಳನ್ನು ಬಿಟ್ಟುಬಿಡುತ್ತೇನೆ. ಒಂದು ಬೆಳಿಗ್ಗೆ ಇವರು ವರಾಂಡದಿಂದ, "ಇವಳೇ, ನಂಬರ್ ಬಂತಾ ನೋಡು" ಎಂದರು. ಹೇಳಿದೆ. ತುಸು ಹೊತ್ತಿಗೆ ಇನ್ನೊಂದು ಬಂತು, ಅದನ್ನೂ ಹೇಳಿದೆ. ಸಿಲಿಂಡರ್ ಬರಲಿಲ್ಲ. ರೊಟ್ಟಿ ತಟ್ಟುತ್ತಿದ್ದೆ, ಕೇಳುವುದೂ ಮರೆತುಹೋಯಿತು.

ಎರಡು ತಿಂಗಳಾದ ಮೇಲೆ ನನಗೊಂದು ಫೋನು ಬಂತು. ಜೇನಿನಂಥ ದನಿಯ ಹುಡುಗಿ.

"ಮೇಡಂ, ಎರಡು ದಿನದಿಂದ ಆಟಕ್ಕೆ ಬಂದಿಲ್ಲ. ಹುಷಾರಾಗಿದ್ದೀರಾ?"

"ಯಾವ ಆಟಾನಮ್ಮ?"

"ರಮ್ಮಿ ಮೇಡಂ. ನೀವು ನಮ್ಮ ವಿಶೇಷ ಗ್ರಾಹಕರು. ನಿಮಗೋಸ್ಕರ ಬೋನಸ್ ಹಾಕಿಟ್ಟಿದ್ದೀವಿ."

ಜ್ವರ ಬಂದು ಮಲಗಿದ್ದಾಗಲೂ ಅಷ್ಟು ಅಕ್ಕರೆಯಿಂದ ನನ್ನನ್ನು ಯಾರೂ ವಿಚಾರಿಸಿರಲಿಲ್ಲ. ನಾನಲ್ಲ, ನಮ್ಮ ಮನೆಯವರು ಆಡಿರಬೇಕು, ಮುಚ್ಚಿಬಿಡಿ ಎಂದೆ. ಹುಡುಗಿ ಫೋನನ್ನು ಇನ್ನೊಬ್ಬನಿಗೆ ಕೊಟ್ಟಳು. ಅವನ ದನಿಯಲ್ಲಿ ಜೇನಿರಲಿಲ್ಲ. "ಖಾತೆ ನಿಮ್ಮ ಹೆಸರಲ್ಲಿದೆ. ಗುರುತಿನ ಚೀಟಿ ನಿಮ್ಮದು, ಒಟಿಪಿ ನಂಬರ್ ಬಂದಿದ್ದೂ ನಿಮ್ಮ ಫೋನಿಗೇ. ಆಡಿದ್ದು ಬೇರೆಯವರು ಅಂತ ನಾವು ಹೇಗೆ ಒಪ್ಪೋದು ಮೇಡಂ?" ಪೂರ್ತಿ ಮುಚ್ಚಬೇಕಾದರೆ ಆಡಿದವರೇ, ಅಂದರೆ ಅವರ ಲೆಕ್ಕದಲ್ಲಿ ನಾನೇ, ಒಂದು ಅರ್ಜಿ ತುಂಬಬೇಕಂತೆ.

ಕೈ ತೊಳೆದು, ಕನ್ನಡಕ ಹಾಕಿಕೊಂಡು, ಮೊಬೈಲಿಗೆ ಬಂದ ಅರ್ಜಿಯ ಮುಂದೆ ಕೂತೆ. ನನ್ನ ಆಟ ನನ್ನ ಹತೋಟಿಯಲ್ಲಿಲ್ಲ. ಹೌದು. ನನ್ನ ಆಟದಿಂದ ಮನೆಯವರಿಗೆ ತೊಂದರೆಯಾಗಿದೆ. ಹೌದು. ನಾನು ಈ ವಿಷಯವನ್ನು ಮನೆಯವರಿಂದ ಮುಚ್ಚಿಟ್ಟಿದ್ದೇನೆ. ಅದಕ್ಕೂ ಹೌದು. ಯುಗಾದಿಯ ಚಿಲ್ಲರೆ ಬಿಟ್ಟು ಒಂದು ಕಾಸನ್ನೂ ಆಟಕ್ಕಿಡದ ನಾನು, ಗುರುತೂ ಇಲ್ಲದವರ ಮುಂದೆ ಜೂಜುಕೋರಳೆಂದು ಒಪ್ಪಿಕೊಂಡೆ. ಕೊನೆಗೆ, ಜವಾಬ್ದಾರಿಯಿಂದ ಆಡಿ ಎಂದು ಬಣ್ಣದ ಅಕ್ಷರದಲ್ಲಿ ಬುದ್ಧಿವಾದ ಬಂತು.

ಸಂಜೆ ಇವರನ್ನು ಕೇಳಿದೆ. ಅಲ್ಲಗಳೆಯಲಿಲ್ಲ. "ಒಂದೇ ಒಂದ್ಸಲ ನೋಡೋಣ ಅಂತ..." ಎಂದು ನಿಲ್ಲಿಸಿದರು.

"ನಂದು ಮುಚ್ಚಿದೆ. ಇನ್ನು ಯಾರ ಹತ್ರ ಕೇಳ್ತೀರಿ?"

ಇವರು ಎದ್ದು ವರಾಂಡಕ್ಕೆ ಹೋದರು. ಬೈದಿದ್ದರೂ ನಾನು ಅಷ್ಟು ಹೆದರುತ್ತಿರಲಿಲ್ಲ. ಇವರು ಕೇಳಿದರೆ ನಂಬಿ ನಂಬರು ಹೇಳುವವರು ಬಂಧುಬಳಗದಲ್ಲಿ ಎಷ್ಟು ಜನ ಎಂದು ಲೆಕ್ಕ ಹಾಕುತ್ತ ಕೂತೆ. ಅಷ್ಟು ದಿನ ಸೆರಗಿನಲ್ಲಿ ಕಟ್ಟಿಕೊಂಡಿದ್ದ ಮಾತನ್ನು ಈಗ ಮನೆಮನೆಗೂ ಹೋಗಿ ಬಿಚ್ಚಬೇಕಿತ್ತು.

ಮೊದಲು ಹೋದದ್ದು ಕುವೆಂಪುನಗರಕ್ಕೆ, ಇವರ ಅಕ್ಕನ ಮನೆಗೆ. ಅವರು ಪೂರ್ತಿ ಕೇಳಿಸಿಕೊಂಡು, "ಯುಗಾದೀಲಿ ನನ್ನ ಚಿಲ್ಲರೆ ಎಲ್ಲಾ ಕಿತ್ಕೊಂಡೋಳು ನೀನು. ಈಗ ನನ್ನ ತಮ್ಮ ಎಲೆ ಮುಟ್ಟುದ್ರೆ ಚಾಡಿ ಹೇಳಕ್ಕೆ ಬಂದ್ಬುಟ್ಯಾ?" ಎಂದರು.

"ಬಯ್ಯಿ ಅಕ್ಕ. ಅವ್ರು ನಿಮ್ಮ ಫೋನಿಗೆ ಬಂದ ನಂಬರ್ ಕೇಳುದ್ರೆ ಮಾತ್ರ ಹೇಳ್ಬೇಡಿ."

"ಗಂಡನ್ನ ಹಿಡಿತದಲ್ಲಿಟ್ಕೊಳಕ್ಕೆ ಬರ್ದಿದ್ರೆ ಹಿಂಗೇ ಕಣೇ, ಬೀದಿ ಸುತ್ತಬೇಕು," ಎನ್ನುತ್ತಲೇ ಟೀಪಾಯಿ ಮೇಲಿದ್ದ ತಮ್ಮ ಮೊಬೈಲನ್ನು ಎತ್ತಿಕೊಂಡು ಹೋಗಿ ಬೀರುವಿನಲ್ಲಿಟ್ಟರು. ಕಾಫಿ ಕೊಡಲಿಲ್ಲ. ಅಲ್ಲಿಂದ ಇನ್ನೂ ಮೂರು ಮನೆಗೆ ಹೋದೆ. ಒಂದು ಮನೆಯಲ್ಲಿ ಮರುಕಪಟ್ಟರು, ಅದು ಬೈಗುಳಕ್ಕಿಂತ ಕಷ್ಟವಾಯಿತು.

ಮಾರನೆಯ ಮಧ್ಯಾಹ್ನ ಇವರು ಊಟಕ್ಕೆ ಮನೆಗೇ ಬಂದರು. ತಟ್ಟೆಯ ಮುಂದೆ ಕೂತು, "ಊರಿಗೆಲ್ಲ ಸಾರ್ಕೊಂಡು ಬಂದ್ಯಂತೆ" ಎಂದರು.

"ಊರಿಗಲ್ಲ. ನಾಲ್ಕು ಮನೆಗೆ."

"ಮಾನ ತೆಗೆದ್ಬುಟ್ಟೆ."

ನಾನು ಸಾರು ಬಡಿಸಿದೆ. ಅನ್ನ ಕಲಸುತ್ತಲೇ ಇದ್ದರು, ತುತ್ತು ಎತ್ತಲಿಲ್ಲ. ಆಮೇಲೆ ತಟ್ಟೆ ನೋಡಿಕೊಂಡೇ ಕೇಳಿದರು, "ಚಿಕ್ಕಪ್ಪನ ಮನೆಗೆ ಹೋಗಿದ್ಯಾ?"

"ಇಲ್ಲ."

"ಹೋಗು. ಚಿಕ್ಕಮ್ಮ, ನಾನು ಕೇಳುದ್ರೆ ಏನು ಎತ್ತ ಅನ್ನಲ್ಲ, ನಂಬರ್ ಹೇಳ್ಬುಡ್ತಾರೆ." ತುತ್ತು ಕೈಯಲ್ಲೇ ಹಿಡಿದು, "ಇವತ್ತೇ ಹೋಗು" ಎಂದರು.

ಮಜ್ಜಿಗೆಯ ಪಾತ್ರೆಯನ್ನು ಅವರ ಕೈಗೆಟುಕುವಂತೆ ಸರಿಸಿ, ಸೀರೆ ಬದಲಿಸಲು ಒಳಗೆ ಹೋದೆ.