ಒಳಗೆ ಬಿಟ್ಟ ಬಟ್ಟೆ

ಹೊಸ ಬಟ್ಟೆ ಹೊಲಿಯುವುದು ಅವಳ ಕೆಲಸವಲ್ಲ. ಹೊಲಿದದ್ದನ್ನು ಬಿಗಿ ಮಾಡುವುದು, ಸಡಿಲ ಮಾಡುವುದು, ಗಿಡ್ಡ ಮಾಡುವುದು ಅವಳ ಕೆಲಸ. ಮೆಟ್ಟಿಲ ಕೆಳಗಿನ ಅಂಗಡಿ. ಎಲ್ಲಿ ಬಗ್ಗಬೇಕೆಂದು ಇಪ್ಪತ್ತು ವರ್ಷದಲ್ಲಿ ಅವಳ ತಲೆ ಕಲಿತುಕೊಂಡಿತ್ತು. ಬೀದಿಯವರು ಅವಳನ್ನು ಯಾಕಕ್ಕ ಎನ್ನುತ್ತಿದ್ದರು. ಯಾರು ಏನು ತಂದರೂ ಅವಳ ಮೊದಲ ಮಾತು ‘ಯಾಕೆ’.

“ಪ್ಯಾಂಟು ಬಿಗಿ ಮಾಡ್ಬೇಕಿತ್ತು.”

“ಯಾಕೆ, ಊಟ ಬಿಟ್ಟಿದ್ದೀರಾ?”

“ಸ್ವಲ್ಪ ಸಡಿಲ ಮಾಡಿ.”

“ಯಾಕೆ, ಮದುವೆ ಆಯ್ತಾ?”

ಗುರುತಿಲ್ಲದವರು ಮೊದಲು ನಗುತ್ತಿದ್ದರು, ಆಮೇಲೆ ಹೇಳುತ್ತಿದ್ದರು. ಕೇಳಿದ ಮೇಲೆಯೇ ಅವಳು ಕತ್ತರಿ ಹಿಡಿಯುವುದು. ಬಾಣಂತಿಯ ಬಟ್ಟೆಗೆ, ಕಾಯಿಲೆ ಬಿದ್ದು ಎದ್ದವರ ಬಟ್ಟೆಗೆ ಹೆಚ್ಚಾದದ್ದನ್ನು ಕತ್ತರಿಸದೆ ಒಳಗೇ ಮಡಚಿ ಹೊಲಿಯುತ್ತಿದ್ದಳು. ಮೈ ಬದಲಾದರೆ ಹೊಲಿಗೆ ಬಿಚ್ಚಿದರಾಯಿತು.

ಕಳೆದ ವರ್ಷ ಅವಳ ತಮ್ಮ ಅಂಗಡಿಗೆ ಸೇರಿಕೊಂಡ. ಅಂಚು ಕತ್ತರಿಸುತ್ತಲೇ ಹೊಲಿಯುವ ಓವರ್‌ಲಾಕ್ ಮಿಷನ್ನು ತಂದ. ಚೀಟಿಯ ಪದ್ಧತಿಯನ್ನೂ ತಂದ.

“ಅಕ್ಕ, ಒಬ್ಬೊಬ್ಬರ ವಂಶಾವಳಿ ಕೇಳ್ತಾ ಕೂತರೆ ಸಂಜೆಗೆ ಮೂರು ಪ್ಯಾಂಟೂ ಆಗಲ್ಲ. ಅಳತೆ ಬರ್ಕೋ, ಮುಂದಿನವರನ್ನ ಕರಿ.”

“ಬಾಯಿಗೆ ಬೀಗ ಹಾಕು ಅಂತೀಯ.”

“ಬೀಗ ಬೇಡ. ಚಿಲಕ ಹಾಕಿದ್ರೆ ಸಾಕು.”

ಅವನು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಅವಳು ಚಿಲಕ ಹಾಕಿಕೊಂಡಳು. ಬಾಗಿಲ ಸಾಲು ಕರಗಿತು, ಕೆಲಸ ಚೊಕ್ಕವಾಯಿತು.

ಆ ದಿನಗಳಲ್ಲೇ ಒಬ್ಬ ಹೆಂಗಸು ಬಸ್ ಡ್ರೈವರ್‌ನ ಬೂದು ಬಣ್ಣದ ಎರಡು ಪ್ಯಾಂಟು ತಂದಳು. ಸೊಂಟ ಮೂರಿಂಚು ಕಡಿಮೆ ಎಂದು ಬರೆಸಿದಳು. ಚೀಟಿ ಹಿಡಿದುಕೊಂಡು ಒಂದು ಗಳಿಗೆ ನಿಂತೇ ಇದ್ದಳು. ಯಾಕಕ್ಕ ಮುಂದಿನವರನ್ನು ಕರೆದಳು. ಮಿಷನ್ನಿನ ಅಲಗು ಹೆಚ್ಚಿನ ಬಟ್ಟೆಯನ್ನು ಹೊಲಿಗೆಯ ಅಂಚಿಗೇ ಸವರಿ ಹಾಕಿತು.

ಐದು ತಿಂಗಳ ಮೇಲೆ, ಒಂದು ಗುರುವಾರ, ಆ ಪ್ಯಾಂಟುಗಳ ಯಜಮಾನ ತಾನೇ ಬಂದ.

“ಅಮ್ಮಾ, ಕಾಯಿಲೆಯಿಂದ ಇಳಿದುಹೋಗಿದ್ದೆ. ಈಗ ದೇವರು ದೊಡ್ಡವನು, ಮೈ ತುಂಬ್ಕೊಂಡಿದೆ. ಇವನ್ನ ಮೊದಲಿನ ಹಾಗೆ ಮಾಡ್ಕೊಡಿ. ಸೋಮವಾರ ಸಮವಸ್ತ್ರದಲ್ಲಿ ಹಾಜರಾಗ್ಬೇಕು. ಇಲ್ದಿದ್ರೆ ನನ್ನ ರೂಟು ಇನ್ನೊಬ್ಬನಿಗೆ ಹೋಗುತ್ತೆ. ಹನ್ನೆರಡು ವರ್ಷದ ರೂಟು. ಹೊಸ ಬಟ್ಟೆ ಕೊಡೋದು ಮುಂದಿನ ತಿಂಗಳಂತೆ.”

ಅವಳು ಪ್ಯಾಂಟು ಒಳಹೊರಗು ಮಾಡಿ ಹೊಲಿಗೆ ನೋಡಿದಳು. ಬಿಚ್ಚಿ ಸಡಿಲ ಮಾಡಲು ಒಳಗೆ ಬಟ್ಟೆಯೇ ಉಳಿದಿರಲಿಲ್ಲ.

“ನಾನು ಕೇಳಲಿಲ್ಲ. ಕೇಳಿದ್ರೆ ಕತ್ತರಿಸ್ತಿರಲಿಲ್ಲ. ಶನಿವಾರ ಸಂಜೆ ಬನ್ನಿ” ಎಂದಳು.

ಹಿಂಬದಿಯ ಹೊಲಿಗೆ ಬಿಚ್ಚಿ ನಡುವೆ ಒಂದು ಪಟ್ಟಿ ಕೂಡಿಸಬಹುದಿತ್ತು. ಆದರೆ ಹೊಸ ಬಟ್ಟೆಯ ಪಟ್ಟಿ ಹಣೆಯ ಮೇಲಿನ ಗಾಯದಂತೆ ಎದ್ದು ಕಾಣುತ್ತದೆ. ಅಷ್ಟೇ ವರ್ಷ ಒಗೆದು, ಅಷ್ಟೇ ಬಿಸಿಲು ಕಂಡ ಬಟ್ಟೆ ಬೇಕು. ಮರುದಿನ ಕೊರಳಲ್ಲಿದ್ದ ಅಳತೆ ಟೇಪನ್ನೂ ತೆಗೆಯದೆ ಅವಳು ಬಸ್ ನಿಲ್ದಾಣಕ್ಕೆ ಹೋದಳು.

“ಹಳೇ ಪ್ಯಾಂಟು ಇದೆಯಾ ಅಣ್ಣ?”

“ಅಕ್ಕ, ಹಾಕ್ಕೊಂಡಿರೋದನ್ನೇ ಕೇಳಿದ್ರೆ ಹೇಗೆ?”

ಆರು ಜನ ಡ್ರೈವರ್‌ಗಳನ್ನು ಕೇಳಿದಳು. ಏಳನೆಯವನು ಕೊನೆಯ ಬೆಂಚು ತೋರಿಸಿದ. ನಿವೃತ್ತ ಡ್ರೈವರ್ ಒಬ್ಬರು ಅಲ್ಲಿ ದಿನವೂ ಬಂದು ಕೂತು, ಹೋಗುವ ಬಸ್ಸುಗಳನ್ನು ನೋಡುತ್ತಿದ್ದರಂತೆ.

“ಯಾಕೆ ಬೇಕು?” ಎಂದರು ಅವರು.

ಅವಳು ಒಂದೂ ಬಿಡದೆ ಹೇಳಿದಳು, ತನ್ನ ತಪ್ಪನ್ನೂ ಸೇರಿಸಿ. ಅವರು ಮನೆಗೆ ಕರೆದುಕೊಂಡು ಹೋಗಿ ಪೆಟ್ಟಿಗೆ ತೆರೆದರು. ಪ್ಯಾಂಟು ಸಿಗಲು ಐದು ನಿಮಿಷ ಹಿಡಿಯಿತು, ಅದು ಕೈಗೆ ಬರಲು ಒಂದು ಗಂಟೆ. ಯಾವ ತಿರುವಿನಲ್ಲಿ ಬ್ರೇಕು ಹೋಗಿತ್ತು, ಯಾರು ಬಸ್ಸಿನಲ್ಲೇ ಹೆತ್ತಳು, ಎಲ್ಲವನ್ನೂ ಹೇಳಿದರು. ಅವಳು ಎದ್ದು ಹೊರಡಲಿಲ್ಲ.

ಶನಿವಾರ ಸಂಜೆ ಡ್ರೈವರ್ ಪ್ಯಾಂಟು ಹಾಕಿಕೊಂಡು ಕೂತು, ಎದ್ದು, ಮತ್ತೆ ಕೂತು ನೋಡಿದ. ಪಟ್ಟಿ ಎಲ್ಲಿದೆ ಎಂದು, ಮೊದಲು ಚೀಟಿ ಬರೆಸಿದ್ದ ಅವನ ಹೆಂಡತಿಗೂ ಗೊತ್ತಾಗಲಿಲ್ಲ. “ನಾನು ಆವತ್ತೇ ಹೇಳೋಣಾಂತಿದ್ದೆ” ಎಂದಳು ಆ ಹೆಂಗಸು ಮೆಲ್ಲಗೆ. ಸೋಮವಾರ ಬೆಳಿಗ್ಗೆ ಅವನು ತನ್ನ ರೂಟಿನ ಬಸ್ಸು ಹತ್ತಿದ.

“ಚೀಟಿಯಲ್ಲಿ ‘ಕಾರಣ’ ಅಂತ ಒಂದು ಸಾಲು ಸೇರಿಸೋಣ್ವಾ?” ಎಂದ ತಮ್ಮ.

“ಸಾಲು ಕೊಟ್ರೆ ಸುಳ್ಳು ಬರೀತಾರೆ. ನಾನೇ ಕೇಳ್ತೀನಿ ಬಿಡು.”

ಮುಂದಿನ ವಾರ ಬೆಂಚಿನ ಹಿರಿಯರು ಒಂದು ಅಂಗಿ ಹಿಡಿದುಕೊಂಡು ಬಂದರು. “ಗುಂಡಿ ಸಡಿಲ ಆಗಿದೆ ಅನ್ಸುತ್ತೆ. ಯಾವುದು ಅಂತ ಗೊತ್ತಿಲ್ಲ.”

ಎಲ್ಲವೂ ಗಟ್ಟಿಯಾಗಿಯೇ ಇದ್ದವು. ಅವಳು ಮೇಲಿನಿಂದ ಒಂದೊಂದನ್ನೇ ಎಳೆದು ನೋಡತೊಡಗಿದಳು, ಆತುರವಿಲ್ಲದೆ. ಅವರು ಕೂತು, ಹೊಳೆ ದಾಟುವಾಗ ಬಸ್ಸು ನಿಂತುಹೋದ ವರ್ಷದ ಕಥೆ ಶುರುಮಾಡಿದರು.