ಪಕ್ಕದ ಮೊಳೆಯ ಕತ್ತಿ

ಶನಿವಾರಸಂತೆಯಿಂದ ಆಚೆ, ಎಸ್ಟೇಟಿನ ಕೂಲಿಯವರು ವಾಸಿಸುವ ಲೈನುಮನೆಗಳ ಮೇಲ್ಗಡೆ ಒಂದು ಸಣ್ಣ ಹೆಂಚಿನ ಚರ್ಚಿದೆ. ಅದರ ಬಾಗಿಲ ಪಕ್ಕದ ತೊಲೆಗೆ ಸಾಲಾಗಿ ಮೊಳೆ ಹೊಡೆದಿದ್ದಾರೆ. ಭಾನುವಾರ ಪ್ರಾರ್ಥನೆಗೆ ಬರುವವರೆಲ್ಲ ಆ ಮೊಳೆಗಳಿಗೆ ಕತ್ತಿ ತಗುಲಿಸಿ ಒಳಗೆ ಹೋಗುತ್ತಾರೆ. ಹೊಸಬರು ಕಂಡರೆ ಇದೇನು ದೇವರ ಮನೆಯೋ ದಂಡಿನ ಮನೆಯೋ ಎಂದು ಹೌಹಾರಬೇಕು. ವಿಷಯ ಅಷ್ಟೇನಿಲ್ಲ. ಎಸ್ಟೇಟಿಗೆ ರಜೆ ಇರುವುದು ಅದೊಂದೇ ದಿನ, ಪ್ರಾರ್ಥನೆ ಮುಗಿಸಿ ಎಲ್ಲರೂ ಹಾಗೇ ಒಟ್ಟಾಗಿ ಸೌದೆಗೆ ಹೋಗುತ್ತಾರೆ. ಆನೆ ಓಡಾಡುವ ಕಾಡು, ಒಬ್ಬೊಬ್ಬರೇ ಹೋಗುವ ಹಾಗಿಲ್ಲ. ಒಬ್ಬರ ಕತ್ತಿಯನ್ನು ಇನ್ನೊಬ್ಬರು ಮುಟ್ಟಬಾರದು ಎನ್ನುವುದು ಅಲ್ಲಿಯ ಕಟ್ಟಳೆ.

ಕೊನೆಯ ಮೊಳೆ ಸವೇರಪ್ಪನದು. ಅವನದು ಮರಗಸಿ ಕೆಲಸ, ಅಂದರೆ ಕಾಫಿ ತೋಟದ ನೆರಳಿನ ಮರ ಹತ್ತಿ ಕೊಂಬೆ ಇಳಿಸುವುದು. ಕತ್ತಿ ಅವನ ಕೈಯಲ್ಲಿ ಎಷ್ಟು ಚುರುಕೋ ಸಿಟ್ಟೂ ಅಷ್ಟೇ ಚುರುಕು. ಹರೆಯದಲ್ಲಿ ಒಂದು ಮದುವೆ ಚಪ್ಪರದಡಿ ಯಾರೋ ಅವನ ತಾಯಿಯ ಬಗ್ಗೆ ಕೆಟ್ಟ ಮಾತಾಡಿದ. ಸವೇರಪ್ಪ ಎಲೆಯ ಮುಂದಿನಿಂದ ಎದ್ದವನೇ ಕತ್ತಿಯಿಂದ ಆ ಮನುಷ್ಯನ ಹೆಗಲು ಸೀಳಿದ. ರಕ್ತ ಅನ್ನದ ಮೇಲೆ ಚಿಮ್ಮಿತು. ಮದುವೆ ಹೆಣ್ಣು ಎಚ್ಚರ ತಪ್ಪಿದಳು, ಇವನು ಜೈಲು ಸೇರಿದ.

ಬಿಡುಗಡೆಯಾಗಿ ಬಂದ ಮೊದಲ ಭಾನುವಾರ ಅವನು ಚರ್ಚಿಗೆ ಹೋದಾಗ ಜನ ಏನು ಮಾಡಿದರು ಗೊತ್ತೇ? ಒಬ್ಬೊಬ್ಬರಾಗಿ ಎದ್ದು ಹೋಗಿ ತಮ್ಮ ಕತ್ತಿಗಳನ್ನು ಮೊಳೆಯಿಂದ ತೆಗೆದುಕೊಂಡು ಬಂದು ಬೆಂಚಿನಡಿ ಇಟ್ಟುಕೊಂಡರು. ಕ್ಷಮೆಯ ಪಾಠ ಓದುತ್ತಿದ್ದ ಉಪದೇಶಿ ಕೂಡ ತನ್ನ ಕತ್ತಿಯನ್ನು ಕಾಲಡಿ ಒತ್ತಿ ಹಿಡಿದಿದ್ದ. ಎಂಥ ಭಕ್ತರಪ್ಪ! ತೊಲೆಯ ಮೇಲೆ ಸವೇರಪ್ಪನ ಕತ್ತಿ ಒಂದೇ ನೇತಾಡುತ್ತಿತ್ತು. ಆಗ ತಡವಾಗಿ ಬಂದವಳು ಲೂರ್ದಕ್ಕ. ಗಂಡ ಸತ್ತ ಮೇಲೆ ಕಾಫಿ ಕುಯ್ದು ಬದುಕುತ್ತಿದ್ದ ವಯಸ್ಸಾದ ಹೆಂಗಸು, ಬಾಯಿ ಜೋರು. ತೊಲೆ ನೋಡಿದಳು, ಜನರ ಮುಖ ನೋಡಿದಳು. ತನ್ನ ಕತ್ತಿಯನ್ನು ಅವನ ಪಕ್ಕದ ಮೊಳೆಗೆ ತಗುಲಿಸಿ, ಬಂದು ಅವನ ಪಕ್ಕದಲ್ಲೇ ಕೂತಳು.

"ಮುಂದಿನ ವಾರವೂ ಬಾ. ಬರ್ಲಿಲ್ಲ ಅಂದ್ರೆ ಕಿವಿ ಹಿಡ್ಕೊಂಡು ಎಳ್ಕೊಂಡು ಬರ್ತೀನಿ," ಎಂದಳು.

ಅವನು ಬಂದ. ಬರುತ್ತಲೇ ಇದ್ದ. ಕೆಲವು ವಾರ ಕಳೆದ ಮೇಲೆ ಬೇರೆಯವರ ಕತ್ತಿಗಳೂ ನಾಚಿಕೊಂಡು ಮೊಳೆಗೆ ವಾಪಸಾದವು. ಮುಂದೊಮ್ಮೆ ಅವನು ಮರದಿಂದ ಬಿದ್ದು ಪಕ್ಕೆಲುಬು ಮುರಿದುಕೊಂಡಾಗ ಅದೇ ಜನ ಸರದಿಯಲ್ಲಿ ಗಂಜಿ ಹೊತ್ತು ತಂದರು.

ಹೀಗೆ ತಣ್ಣಗಾಗಿದ್ದ ಮನುಷ್ಯನನ್ನು ಮತ್ತೆ ಕೆರಳಿಸಿದವನು ಧರ್ಮೇಂದ್ರ. ಲಾರಿ ಇಟ್ಟುಕೊಂಡು ಕದ್ದು ಬೀಟೆ ಮರ ಸಾಗಿಸುವವನು. ಸವೇರಪ್ಪನ ತಮ್ಮ ಚಿನ್ನಪ್ಪ ಅದನ್ನು ಅರಣ್ಯದವರಿಗೆ ಹೇಳಿಬಿಟ್ಟ. ಧರ್ಮೇಂದ್ರ ಅವನನ್ನು ದಾರಿಯಲ್ಲಿ ಅಡ್ಡಗಟ್ಟಿ ಕಬ್ಬಿಣದ ರಾಡಿನಿಂದ ಎರಡೂ ಮೊಣಕಾಲು ಜಜ್ಜಿದ. ಸವೇರಪ್ಪ ತಮ್ಮನನ್ನು ಹೊತ್ತು ತಂದಾಗ ಕಾಲುಗಳು ಒದ್ದೆ ಬಟ್ಟೆಯ ಹಾಗೆ ಜೋಲುತ್ತಿದ್ದವು. ಚಿನ್ನಪ್ಪ ಮತ್ತೆ ಎದ್ದು ನಿಲ್ಲಲಿಲ್ಲ. ಧರ್ಮೇಂದ್ರನಿಗೆ ಜಾಮೀನು ಸಿಕ್ಕಿತು.

"ಅವ್ನು ನನ್ನ ಕಣ್ಣಿಗೆ ಬಿದ್ದ ದಿನವೇ ಅವ್ನ ಕಡೇ ದಿನ," ಎಂದು ಸವೇರಪ್ಪ ಲೈನಿನ ಎಲ್ಲರೆದುರು ಹೇಳಿದ. ಹೇಳಿದ್ದನ್ನು ಮಾಡುವವನೇ ಅವನು. ಚಿನ್ನಪ್ಪ ಮಲಗಿದಲ್ಲಿಂದ ಕೈ ಮುಗಿದ. "ನೀನು ಮತ್ತೆ ಜೈಲಿಗೆ ಹೋದ್ರೆ ನಂಗೆ ಯಾರಣ್ಣ ಗತಿ? ಒಂದು ಲೋಟ ನೀರು ಕೊಡೋರಿಲ್ಲ." ಸವೇರಪ್ಪ ಕತ್ತಿ ಮಸೆಯುತ್ತಾ ಕೂತ.

ಮುಂದಿನ ಭಾನುವಾರ ಪ್ರಾರ್ಥನೆಯ ನಡುವೆ ಕಿಟಕಿಯಾಚೆ ಧರ್ಮೇಂದ್ರನ ಲಾರಿ ಬಂದು ಕೆಳಗಿನ ಅಂಗಡಿಯೆದುರು ನಿಂತಿತು. ಅವನು ಇಳಿದು ಬೆಂಚಿನ ಮೇಲೆ ಕೂತು ಟೀ ತರಿಸಿಕೊಂಡ. ಸವೇರಪ್ಪ ಎದ್ದ. ಆದರೆ ಅವನ ಕಣ್ಣು ಹೋದ ಕಡೆ ತಾನೂ ನೋಡಿದ್ದ ಲೂರ್ದಕ್ಕ ಅವನಿಗಿಂತ ಮೊದಲು ಬಾಗಿಲು ಮುಟ್ಟಿದ್ದಳು. ಕೊನೆಯ ಮೊಳೆ ಖಾಲಿ. ಕತ್ತಿ ಅವಳ ಕೈಯಲ್ಲಿತ್ತು.

"ಕೊಡಕ್ಕ."

"ಕೊಡಲ್ಲ. ಇವತ್ತು ನಿನ್ನ ಸೌದೆ ನಾವು ಕಡೀತೀವಿ. ಒಳಗೆ ಹೋಗಿ ಕೂತ್ಕೋ."

"ನನ್ನ ಕತ್ತಿ ಮುಟ್ಟಬೇಡ."

"ಮುಟ್ಟಾಯ್ತಲ್ಲ."

ಅವನು ಹಿಡಿಗೆ ಕೈ ಹಾಕಿದ. ಅವಳು ಅಲಗನ್ನೇ ಹಿಡಿದುಕೊಂಡಳು. ಅವನು ಎಳೆದ. ವಾರವಿಡೀ ಮಸೆದ ಕತ್ತಿ ಅದು. ಬಲಗೈಯ ಅಂಗೈ ಸೀಳಿಕೊಂಡು ಮೂಳೆಯವರೆಗೆ ಹೋಯಿತು. ರಕ್ತ ಮೊಣಕೈಗೆ ಇಳಿದು ಸೀರೆ ನೆನೆಸಿತು. ಅವಳು ಬಿಡಲಿಲ್ಲ.

"ಇನ್ನೂ ಎಳೀತೀಯೇನೋ?" ಎಂದಳು.

ಸವೇರಪ್ಪನ ಕೈ ತಾನಾಗಿ ಬಿಟ್ಟುಹೋಯಿತು. ಒಳಗಿನವರೆಲ್ಲ ಅವನ ಮೇಲೆ ಬಿದ್ದರು. ಒದ್ದರು, ಗುದ್ದಿದರು. ಉಪದೇಶಿ ಕೆನ್ನೆಗೆ ಬಾರಿಸಿದ್ದಕ್ಕೆ ಅವನ ತುಟಿ ಒಡೆಯಿತು. ಅವನು ಒಂದು ಕೈಯನ್ನೂ ಎತ್ತಲಿಲ್ಲ.

"ಬಿಡ್ರೋ ಅವನನ್ನ," ಎಂದಳು ಲೂರ್ದಕ್ಕ. "ಜೀಪು ತನ್ನಿ. ಅವನೂ ಬರಲಿ. ಈ ಕೈ ಒತ್ತಿ ಹಿಡಿಯೋಕೆ ಗಟ್ಟಿ ಆಳು ಬೇಕು."

ಜೀಪು ಆ ಅಂಗಡಿಯ ಮುಂದೆಯೇ ಹಾದುಹೋಗಬೇಕಿತ್ತು. ಧರ್ಮೇಂದ್ರ ಕೈಗೆಟುಕುವಷ್ಟು ಹತ್ತಿರ ಕೂತು ಟೀ ಊದಿಕೊಂಡು ಕುಡಿಯುತ್ತಿದ್ದ. ಸವೇರಪ್ಪ ಅವನನ್ನು ನೋಡಿದ. ಅವಳ ಗಾಯ ಒತ್ತಿ ಹಿಡಿದಿದ್ದ ಅವನ ಬೆರಳು ಒಂದಿಷ್ಟು ಸಡಿಲವಾಗುತ್ತಲೇ ಬಟ್ಟೆಯಡಿಯಿಂದ ರಕ್ತ ಉಕ್ಕಿತು. ಅವನು ಮತ್ತೆ ಎರಡೂ ಕೈಯಿಂದ ಒತ್ತಿ ಹಿಡಿದ. ಆಸ್ಪತ್ರೆ ಮುಟ್ಟುವವರೆಗೆ ತಲೆ ಎತ್ತಲಿಲ್ಲ.

ಹೊಲಿಗೆ ಬಿದ್ದಿತು. ಎರಡು ಬೆರಳು ಇನ್ನು ಮಡಚುವುದಿಲ್ಲ ಎಂದರು ಡಾಕ್ಟರು. ಕಾಫಿ ಕುಯ್ಯುವವಳ ಬಲಗೈ.

ಮರು ಭಾನುವಾರ ಸವೇರಪ್ಪ ಮನೆಯಿಂದ ಹೊರಬರಲಿಲ್ಲ. ಯಾವ ಮುಖ ಹೊತ್ತು ಹೋಗುವುದು? ಆದರೆ ಪ್ರಾರ್ಥನೆಯ ಹೊತ್ತಿಗೆ ಚರ್ಚಿನ ಅಷ್ಟೂ ಜನ ಕತ್ತಿ ಹಿಡಿದುಕೊಂಡು ಅವನ ಬಾಗಿಲಿಗೆ ಬಂದರು. ಅವನು ಬಾಗಿಲು ತೆಗೆದು ಅಂಗಳದಲ್ಲಿ ಮೊಣಕಾಲೂರಿದ. "ಹೊಡೀರಿ," ಎಂದ.

ಲೂರ್ದಕ್ಕ ಬ್ಯಾಂಡೇಜಿನ ಕೈಯನ್ನು ಎದೆಗೆ ಕಟ್ಟಿಕೊಂಡಿದ್ದಳು. ಎಡಗೈಯಲ್ಲಿ ಅವನ ಕತ್ತಿಯಿತ್ತು. "ತೊಳೆದಿದ್ದೀನಿ, ತಗೋ. ನಂಗಿನ್ನು ಕಡಿಯೋಕಾಗಲ್ಲ, ನನ್ನ ಒಲೆಗೂ ನೀನೇ ಕಡೀಬೇಕು. ಏಳು, ಹೊತ್ತಾಯ್ತು."

ಅವನು ಕತ್ತಿಯನ್ನು ಮಡಿಲಲ್ಲಿಟ್ಟುಕೊಂಡು ಗೊಳೋ ಎಂದು ಅತ್ತ. "ಕೆನ್ನೆ ಇನ್ನೂ ನೋಯ್ತದೇನಪ್ಪಾ?" ಎಂದು ಉಪದೇಶಿ ಮೆಲ್ಲಗೆ ವಿಚಾರಿಸಿದ.

ಅಂದು ಪ್ರಾರ್ಥನೆ ಮುಗಿಸಿ ಸೌದೆಗೆ ಹೊರಟಾಗ ಧರ್ಮೇಂದ್ರ ಕುಡಿದು, ಅಂಗಡಿಯ ಮುಂದೆ ರಾಡು ಹಿಡಿದು ನಿಂತಿದ್ದ. "ನನ್ನ ಕೊಲ್ತೀನಿ ಅಂದ ಗಂಡಸು ಇವನೇನಾ? ತಮ್ಮನ ಕಾಲು ಮುರ್ದೆ, ಅಣ್ಣ ಮುದುಕಿ ಸೆರಗಲ್ಲಿ ಅವಿತವ್ನೆ," ಎಂದವನೇ ಬೀಸಿದ. ಸವೇರಪ್ಪನ ಹುಬ್ಬು ಒಡೆದು ರಕ್ತ ಕಣ್ಣಿಗಿಳಿಯಿತು. ಅವನ ಕತ್ತಿ ಹೆಗಲಿನ ಎತ್ತರಕ್ಕೆ ಏರಿತು.

ಯಾರೂ ಅವನನ್ನು ಹಿಡಿಯಲಿಲ್ಲ. ಲೂರ್ದಕ್ಕನೂ ಹಿಡಿಯಲಿಲ್ಲ, ಪಕ್ಕಕ್ಕೆ ಬಂದು ನಿಂತಳು ಅಷ್ಟೇ. ಆ ಮುದುಕಿ ಹೆದರಿರಲಿಲ್ಲವೇ? ಹೆದರಿದ್ದಳು. ಸವೇರಪ್ಪ ಅವಳ ಬ್ಯಾಂಡೇಜು ನೋಡಿದ. ಕತ್ತಿಯನ್ನು ಇಳಿಸಿ, ಅಲಗಿನ ಕಡೆಯನ್ನು ತಾನು ಹಿಡಿದು, ಹಿಡಿಯನ್ನು ಅವಳ ಎಡಗೈಗೆ ಕೊಟ್ಟ.

ಎರಡನೆಯ ಏಟು ಅವನ ಪಕ್ಕೆಗೆ ಬಿತ್ತು. ಮೂರನೆಯದು ಅವನಿಗೆ ಬೀಳಲಿಲ್ಲ. ಉಪದೇಶಿ ನಡುವೆ ನುಗ್ಗಿ ಹೆಗಲಿಗೆ ತಿಂದ. ಆಮೇಲಿನದು ಇನ್ನೊಬ್ಬನಿಗೆ, ಅದರಾಚೆಯದು ಮತ್ತೊಬ್ಬಳಿಗೆ. ಎಲ್ಲರ ಕೈಯಲ್ಲೂ ಕತ್ತಿಯಿತ್ತು, ಒಂದೂ ಮೇಲೇಳಲಿಲ್ಲ. ಧರ್ಮೇಂದ್ರ ಇನ್ನು ಬೀಸಲು ಕೈ ಬಾರದೆ ರಾಡು ಇಳಿಬಿಟ್ಟು ನಿಂತ. ಅಷ್ಟರಲ್ಲಿ ಅಂಗಡಿಯವನು ಪೊಲೀಸರಿಗೆ ಫೋನು ಮಾಡಿದ್ದ. ಧರ್ಮೇಂದ್ರನ ಜಾಮೀನು ಅಲ್ಲಿಗೆ ಮುಗಿಯಿತು.

ಲೂರ್ದಕ್ಕ ಸವೇರಪ್ಪನ ಮುಖವನ್ನು ಸೆರಗಿನಿಂದ ಒರೆಸಿದಳು. "ನೋವಾಯ್ತೇನೋ?"

"ಆಯ್ತಕ್ಕ."

"ನಂಗೂ ಆಗಿತ್ತು," ಎಂದು ಅವಳು ಕತ್ತಿ ವಾಪಸು ಕೊಟ್ಟಳು. "ನಡಿ, ಒಲೆ ಖಾಲಿ ಇದೆ."

ಅಂದು ಅವನು ಮೊದಲ ಹೊರೆಯನ್ನು ಅವಳ ಮನೆಗೆ ಹಾಕಿ, ಎರಡನೆಯದನ್ನು ಚಿನ್ನಪ್ಪನಿದ್ದಲ್ಲಿಗೆ ಹೊತ್ತು ತಂದು, ಒಲೆ ಹಚ್ಚಿ, ತಮ್ಮನಿಗೆ ನೀರು ಕಾಯಿಸಿಕೊಟ್ಟ.